ನರಿಯಿಲ್ಲದ ನಾಡಿನಲ್ಲಿ ನನ್ನ ಮೊದಲ ನರಿ

ಹೋದ ಶನಿವಾರ ಗ್ಯಾರೇಜು ಗುಡಿಸುತ್ತಿದ್ದ ನನ್ನ ಹೆಂಡತಿ ಸಹನಾ ಒಂದು ಹಳೇ ಕ್ಯಾನ್ವಾಸ್ ಚೀಲವನ್ನು ಎರಡೇ ಬೆರಳಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿಕೊಂಡು ಹೊರಗೆ ತಂದಳು.

"ರೀ, ಇದನ್ನ ನೀವು ಎಸೀತೀರೋ, ನಾನೇ ಎಸೀಲೋ? ಇಡೀ ಗ್ಯಾರೇಜು ಗಬ್ಬು ನಾರ್ತಾ ಇದೆ."

"ಅದೊಂದನ್ನ ಮುಟ್ಬೇಡ ತಾಯಿ, ನಿನ್ನ ದಮ್ಮಯ್ಯ," ಅಂತ ಕಿತ್ತುಕೊಂಡೆ.

ಕಿತ್ತುಕೊಂಡವನು ಸುಮ್ಮನೆ ಇಟ್ಟುಬಿಡಬಾರದಿತ್ತೇ? ಇಲ್ಲ, ಬಾಯಿ ತೆರೆದು ಮೂಸಿದೆ. ಒದ್ದೆ ಬಟ್ಟೆ, ಕೊಳೆತ ಮೊಟ್ಟೆ, ಅವೆರಡರ ಕೆಳಗೆ ಮೂಗಿನೊಳಗೆ ಚುಚ್ಚುವಂಥ ಒಂದು ಕಾಡುಪ್ರಾಣಿಯ ಘಾಟು. ಐದು ವರ್ಷದಲ್ಲಿ ಮೂರು ಸಲ ಒಗೆದಿದ್ದೇನೆ, ಹೋಗಿಲ್ಲ. ಸಹನಾ "ಥೂ" ಅಂದು ಒಳಗೆ ಹೋದಳು. ನಾನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತವನು ಅರ್ಧ ಗಂಟೆ ಏಳಲಿಲ್ಲ. ಆ ವಾಸನೆಯಲ್ಲಿ ನನ್ನ ಮೊದಲ ಬೇಟೆ ಇದೆ, ನಾನು ಹೇಳಿದ ಒಂದು ಸುಳ್ಳೂ ಇದೆ.

ನಾವು ಇರುವುದು ನ್ಯೂಜಿಲೆಂಡಿನ ಅಪ್ಪರ್ ಹಟ್‌ನಲ್ಲಿ. ವೆಲಿಂಗ್ಟನ್ನಿಗೆ ರೈಲಿನಲ್ಲಿ ಹೋಗಿ ಬಂದು ನೀರಿನ ಪೈಪುಗಳ ಸರ್ವೆ ಮಾಡುವ ಕೆಲಸ ನನ್ನದು. ಹಿತ್ತಲ ಬೇಲಿ ದಾಟಿದರೆ ಒಂದು ತೊರೆ, ತೊರೆ ದಾಟಿದರೆ ಬೆಟ್ಟ, ಬೆಟ್ಟದ ತುಂಬ ಬೀಚ್ ಅನ್ನುವ ಜಾತಿಯ ಮರದ ಕಾಡು. ಬೇಲಿಯ ಈಚೆ ನಾವು, ಪಕ್ಕದ ಮನೆಯಲ್ಲಿ ಕ್ಯಾತ್. ಆಗ ಅವರಿಗೆ ಅರವತ್ತೊಂಬತ್ತು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು, ಮಗಳು ದೂರದ ಊರಲ್ಲಿ, ಮನೆಯಲ್ಲಿ ಒಂಟಿ ಹೆಂಗಸು, ಬಲ ಮಂಡಿ ಕೆಟ್ಟಿತ್ತು, ಬಾಯಿ ಮಾತ್ರ ಚೆನ್ನಾಗಿತ್ತು. ಸಹನಾ ಬಂದ ಮೊದಲ ವಾರವೇ "ಕ್ಯಾತ್ ಆಂಟಿ" ಅಂದಾಗ, "ನಾನು ಯಾವ ಸೀಮೆ ಆಂಟಿ ನಿನಗೆ?" ಅಂದಿದ್ದರು. ಆ ವರ್ಷದ ಕ್ರಿಸ್ಮಸ್ ಕಾರ್ಡಿನ ಕೆಳಗೆ ಅವರೇ "ಕ್ಯಾತ್ ಆಂಟಿ" ಅಂತ ಸಹಿ ಹಾಕಿ ಕಳಿಸಿದರು. ಅವರ ಇಂಗ್ಲಿಷಿಗೆ ನನ್ನ ಕನ್ನಡ ತೊಡಿಸಿ ಹೇಳುತ್ತಿದ್ದೇನೆ. ಆ ಬೈಗುಳದ ರುಚಿ ಅಷ್ಟೂ ಬರುವುದಿಲ್ಲ.

ಒಂದು ದಿನ ಬೇಲಿಯ ಮೇಲಿಂದ ಪೇಪರಿನಲ್ಲಿ ಸುತ್ತಿದ ಜಿಂಕೆ ಮಾಂಸ ಕೊಟ್ಟರು. ಸಹನಾ ಅದಕ್ಕೆ ಕಾಯಿ, ಗಸಗಸೆ, ಧನಿಯಾ ಅರೆದು ಸಾರು ಮಾಡಿ, ಮುದ್ದೆ ಕಟ್ಟಿ ಕರೆದಳು. ಕ್ಯಾತ್ ಮುದ್ದೆ ಅಗಿದು ಅಗಿದು ಸುಸ್ತಾದರು, ಸಾರನ್ನು ಮಾತ್ರ ಮೂರು ಬಟ್ಟಲು ಕುಡಿದರು. ಆ ಗುಂಗಿನಲ್ಲಿ ನಾನು, "ನಾನೂ ಬರ್ತೀನಿ ಬೇಟೆಗೆ, ಕಲಿಸ್ತೀರಾ?" ಅಂದುಬಿಟ್ಟೆ.

"ನಿನ್ನ ನಡಿಗೆ ಸದ್ದಿಗೆ ಆಸ್ಟ್ರೇಲಿಯಾದ ಜಿಂಕೆನೂ ಓಡಿಹೋಗುತ್ತೆ ನಂಜ್," ಅಂದರು. ನನ್ನ ಹೆಸರು ನಂಜುಂಡ, ಅವರ ಬಾಯಲ್ಲಿ ಅದು ಅಲ್ಲಿಗೇ ನಿಲ್ಲುತ್ತಿತ್ತು. ಆದರೂ ಕಲಿಸಿದರು. ಕೋವಿಯ ಪರವಾನಗಿಗೆ ಪರೀಕ್ಷೆ ಬರೆದೆ. ವಿಚಾರಣೆಗೆ ಬಂದ ಅಧಿಕಾರಿ ಸಹನಾಳನ್ನು ಬೇರೆ ಕೂರಿಸಿ, ಗಂಡನ ಜೊತೆ ಯಾವತ್ತಾದರೂ ಭಯ ಆಗಿದೆಯಾ ಅಂತ ಕೇಳಿದರಂತೆ. "ಕಾರ್ ಓಡಿಸುವಾಗ ಮಾತ್ರ" ಅಂದಳಂತೆ ಪುಣ್ಯಾತ್ಗಿತ್ತಿ. ಆದರೂ ಪರವಾನಗಿ ಸಿಕ್ಕಿತು.

ಕ್ಯಾತ್ ಬೇಟೆಯ ಜೊತೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದರು. ಆ ಬೆಟ್ಟದ ಮೇಲೆ ಕಿವಿ ಹಕ್ಕಿಗಳನ್ನು ತಂದು ಬಿಟ್ಟಿದ್ದ ಒಂದು ಸ್ವಯಂಸೇವಕರ ಗುಂಪಿಗೆ ಸೇರಿದ್ದರು. ಹಾರಲು ಬಾರದ ಆ ಹಕ್ಕಿಯ ಮರಿಗಳನ್ನು ಹಿಡಿದು ತಿನ್ನುವ ಪ್ರಾಣಿಗಳಿಗಾಗಿ ಕಾಡಿನ ದಾರಿಯುದ್ದಕ್ಕೂ ಮರದ ಪೆಟ್ಟಿಗೆಗಳಲ್ಲಿ ಬೋನು ಇಟ್ಟು, ಒಳಗೆ ಕೋಳಿಮೊಟ್ಟೆ ಇಡುತ್ತಿದ್ದರು. "ಸ್ಟೋಟ್, ಸ್ಟೋಟ್" ಅಂತ ಅವರು ಹಲ್ಲು ಕಡಿಯುತ್ತಿದ್ದ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಯಾವುದೋ ದೊಡ್ಡ ಇಲಿ ಇರಬೇಕು ಅಂದುಕೊಂಡಿದ್ದೆ. ಕೇಳಬಹುದಿತ್ತು. ನನ್ನ ತಲೆಯ ತುಂಬ ಜಿಂಕೆಯ ಕೊಂಬು.

ಆ ಬೇಸಿಗೆಯಲ್ಲಿ, ಇಲ್ಲಿ ಬೇಸಿಗೆ ಅಂದರೆ ಡಿಸೆಂಬರು, ಕ್ಯಾತ್ ನೋಡಿಕೊಳ್ಳುತ್ತಿದ್ದ ಕಿವಿ ಹಕ್ಕಿ ಜೋಡಿಯ ಗೂಡಿನಲ್ಲಿ ಎರಡು ಮರಿ ಆಗಿದ್ದವು. ಹಿಂದಿನ ನಾಲ್ಕು ವರ್ಷವೂ ಆ ಜೋಡಿಯ ಒಂದು ಮರಿಯೂ ಉಳಿದಿರಲಿಲ್ಲ. ಸಹನಾ ಹೆಸರಿಟ್ಟಳು: ಚಿಕ್ಕ, ಪುಟ್ಟ. ಕ್ಯಾತ್ "ಚೀಕಾ, ಪೂಟಾ" ಅಂತ ಕರೆಯುತ್ತಿದ್ದರು. ಮರಿಗಳ ಕಾಲಿಗೆ ಕಡಲೆಬೀಜದ ಗಾತ್ರದ ಟ್ರಾನ್ಸ್‌ಮಿಟರ್ ಕಟ್ಟಿತ್ತು. ಆಂಟೆನಾ ಹಿಡಿದು ಬೆಟ್ಟದ ಬುಡದಲ್ಲಿ ನಿಂತರೆ ಟಿಕ್... ಟಿಕ್... ಅಂತ ಕೇಳುತ್ತಿತ್ತು. ನಿಧಾನಕ್ಕೆ ಬಡಿದರೆ ಮರಿ ಜೀವಂತ. ಒಂದು ದಿನ ಪೂರ್ತಿ ಅಲುಗಾಡದೆ ಬಿದ್ದಿದ್ದರೆ ಬಡಿತ ಜೋರಾಗುತ್ತದೆ. ಮರಿ ಒಂದು ಕಿಲೋ ದಾಟಿದರೆ ಸಾಕು, ಆಮೇಲೆ ಸ್ಟೋಟ್ ಬಂದರೂ ಒದ್ದು ಓಡಿಸುತ್ತದೆ ಅಂತ ಕ್ಯಾತ್ ಹೇಳಿದ್ದರು. ಮಾರ್ಚ್ ತಿಂಗಳಲ್ಲಿ ಎರಡೂ ಮುಕ್ಕಾಲು ಕಿಲೋ ಇದ್ದವು. "ಇನ್ನು ಎರಡೇ ತಿಂಗಳು ನಂಜ್," ಅನ್ನುತ್ತಿದ್ದರು, ದೇವರಿಗೆ ಹರಕೆ ಹೊತ್ತವರ ಹಾಗೆ.

ನನ್ನ ಹರಕೆ ಬೇರೆ ಇತ್ತು. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಇಲ್ಲಿನ ಗಂಡು ಜಿಂಕೆಗಳಿಗೆ ಬೆದೆಗಾಲ. ಜಿಂಕೆ ಅಂದರೆ ನಮ್ಮ ಚುಕ್ಕೆ ಜಿಂಕೆಯಲ್ಲ, ಕಡವೆಯಷ್ಟು ಎತ್ತರದ ಕೆಂಪು ಜಿಂಕೆ. ಗೂಳಿಗಿಂತ ಜೋರಾಗಿ ಗುಟುರು ಹಾಕುತ್ತವೆ, ಆ ಗುಟುರಿನ ಜಾಡು ಹಿಡಿದು ಬೇಟೆಗಾರರು ಹೋಗುತ್ತಾರೆ. ಆ ವರ್ಷ ಯುಗಾದಿಯೂ ಏಪ್ರಿಲ್‌ನಲ್ಲೇ ಬಂದಿತ್ತು. ಯುಗಾದಿಯ ಮಾರನೇ ದಿನ ಹೊಸತೊಡಕು. ಮಂಡ್ಯ ಕಡೆಯ ನಮ್ಮಂಥವರ ಮನೆಗಳಲ್ಲಿ ಅವತ್ತು ಬಾಡೂಟ. ನನ್ನ ತಾತನ ಕಾಲದಲ್ಲಿ ಊರಿನ ಗಂಡಸರೆಲ್ಲ ಅವತ್ತು ಬಲೆ ಹೊತ್ತು ಮೊಲದ ಬೇಟೆಗೆ ಹೋಗುತ್ತಿದ್ದರಂತೆ. ಅವತ್ತು ಏನು ಸಿಗುತ್ತದೋ ವರ್ಷವೆಲ್ಲ ಹಾಗೇ ಅನ್ನುವ ನಂಬಿಕೆ. ನಾನು ಇಲ್ಲಿನ ನಾಲ್ಕು ಕನ್ನಡ ಮನೆಗಳಿಗೆ ಫೋನ್ ಮಾಡಿ, "ಹೊಸತೊಡಕಿಗೆ ನಮ್ಮನೇಲಿ ಜಿಂಕೆ ಸಾರು, ನಾನೇ ಹೊಡೆದು ತರೋದು," ಅಂತ ಕೊಚ್ಚಿಕೊಂಡಿದ್ದೆ. ಕೋವಿಯಿಂದ ಒಂದು ಸೊಳ್ಳೆಯನ್ನೂ ಹೊಡೆದಿರಲಿಲ್ಲ ಆಗಿನ್ನೂ.

ಮಾರ್ಚ್ ಮಧ್ಯದ ಒಂದು ಭಾನುವಾರ, ಬೆಳಗಿನ ಜಾವ ಮಂಜು ಇನ್ನೂ ಕರಗಿರಲಿಲ್ಲ, ಕ್ಯಾತ್ ಹಿಂದುಗಡೆ ಸಾಮಾನು ಹೇರುವ ತಮ್ಮ ಯೂಟ್ ಗಾಡಿಯನ್ನು ರಸ್ತೆ ಮುಗಿಯುವಲ್ಲಿ ನಿಲ್ಲಿಸಿ, "ಒಬ್ಬನೇ ಹತ್ತಿ ಬಾ. ಹೊಡೆಯೋದು ಆಮೇಲೆ, ಮೊದಲು ಸದ್ದಿಲ್ಲದೆ ನಡೆಯೋದು ಕಲಿ," ಅಂದರು. ಗಾಳಿಯ ದಿಕ್ಕು ನೋಡಲು ಅವರು ಪೌಡರಿನ ಸಣ್ಣ ಬಾಟಲಿ ಇಟ್ಟುಕೊಳ್ಳುತ್ತಿದ್ದರು. ನಾನು ದೇವರ ಮನೆಯಿಂದ ವಿಭೂತಿ ಪೊಟ್ಟಣ ತಂದಿದ್ದೆ. ಚಿಟಿಕೆ ಬಿಟ್ಟರೆ ಎಷ್ಟು ಚೆನ್ನಾಗಿ ತೇಲುತ್ತದೆ ಅಂತೀರಿ! ಕ್ಯಾತ್ ಕೂಡ ಮೆಚ್ಚಿ ಸ್ವಲ್ಪ ಇಸಿದುಕೊಂಡರು.

ಬೆಟ್ಟದ ಬೆನ್ನಿನ ಏಣು ಹತ್ತಿ, ಮರಿಗಳ ಬಿಲವಿದ್ದ ಕಡಿದಾದ ಮಣ್ಣಿನ ಬರೆಯ ಹತ್ತಿರ ಬಂದಿದ್ದೆ. ಪಾಚಿ ಹಿಡಿದ ಒಂದು ಮರದ ದಿಮ್ಮಿ ಅಡ್ಡ ಬಿದ್ದಿತ್ತು. ಅದರ ಮೇಲೆ ಏನೋ ಕೆಂಪಗೆ ಹರಿದಂತಾಯಿತು. ನಿಂತೆ. ಜರೀಗಿಡದ ಎಲೆ ಸರಿಸಿಕೊಂಡು ಒಂದು ಚೂಪು ಮುಖ ಹೊರಬಂತು. ದುಂಡು ಕಿವಿ, ಮಣಿಯಂಥ ಕಣ್ಣು, ಕೆಂಗಂದು ಬೆನ್ನು, ಹಾಲಿನಂಥ ಹೊಟ್ಟೆ. ಮುಂಗುಸಿಯೇ ಅನ್ನೋಣವೆಂದರೆ ಮುಂಗುಸಿ ಬೂದು ಬಣ್ಣ. ಹಿಂಗಾಲ ಮೇಲೆ ನೆಟ್ಟಗೆ ನಿಂತು, "ಯಾರಪ್ಪ ನೀನು?" ಅನ್ನುವ ಹಾಗೆ ನನ್ನನ್ನು ದಿಟ್ಟಿಸಿತು. ನರಿಮರಿ! ಅಂದುಕೊಂಡೆ. ನ್ಯೂಜಿಲೆಂಡಿನಲ್ಲಿ ನರಿಯೇ ಇಲ್ಲ ಅನ್ನುವುದು ಶಾಲೆ ಮಕ್ಕಳಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ.

ನಮ್ಮ ತಾತ ಹೇಳಿಕೊಟ್ಟದ್ದು ಎರಡು ಮಾತು. ಬೇಟೆಗೆ ಹೊರಟಾಗ ನರಿ ಕಂಡರೆ ಕಲ್ಲು ಎಸೆಯಬಾರದು, ನಿಂತು ಕೈಮುಗಿಯಬೇಕು. ಮತ್ತೆ, ಕಂಡದ್ದನ್ನು ಬೇಟೆ ಮುಗಿಯುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದು, ಬಿಟ್ಟರೆ ಅದೃಷ್ಟ ಅವರ ಪಾಲು. ನಾನು ಕೋವಿಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈ ಜೋಡಿಸಿ, ಚೆನ್ನಾಗಿ ಬಗ್ಗಿ ನಮಸ್ಕಾರ ಮಾಡಿದೆ. ಅದು ದಿಮ್ಮಿಯಿಂದ ಇಳಿದು ಬರೆಯ ಕಡೆಗೆ ಹೋಯಿತು. ಬಾಲದ ತುದಿ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪಗಿತ್ತು. ಎಷ್ಟು ಖುಷಿಯಾಯಿತು ಅಂದರೆ, ಇಳಿಯುವಾಗ ಎರಡು ಸಲ ಜಾರಿ ಬಿದ್ದರೂ ನಗುತ್ತಲೇ ಎದ್ದೆ.

ಕ್ಯಾತ್ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ ಕೇಳಿದರು. "ಏನಾದ್ರೂ ಕಾಣಿಸ್ತಾ?"

"ಏನಿಲ್ಲ," ಅಂದೆ.

ಎಂಟು ದಿನ ಆ ಗುಟ್ಟನ್ನು ಒಳಗೇ ಇಟ್ಟುಕೊಂಡು ಬೀಗಿದೆ. ಆಫೀಸಿನಲ್ಲಿ ಯಾರೋ, "ಏನಪ್ಪಾ, ಬಹಳ ಖುಷಿಯಾಗಿದ್ದೀಯ?" ಅಂದರು. ಸಹನಾ, "ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ರೇನ್ರೀ?" ಅಂದಾಗ ಒಳಗೊಳಗೇ ನಕ್ಕೆ.

ಒಂಬತ್ತನೇ ದಿನ ಸಂಜೆ ಆಫೀಸಿನಿಂದ ಬಂದು ಇನ್ನೂ ಶೂ ಬಿಚ್ಚಿರಲಿಲ್ಲ, ಕ್ಯಾತ್ ಬೇಲಿಯ ಹತ್ತಿರ ಬಂದರು. ಕೈಯಲ್ಲಿ ಆಂಟೆನಾ. "ಚೀಕಾ ಜೋರಾಗಿ ಬಡೀತಿದೆ," ಅಂದರು.

ಬೆಳಕಿರುವಾಗಲೇ ಹತ್ತಿದೆವು. ಬೇಡ ಅಂದರೂ ಅವರು ಆ ಮಂಡಿಯಲ್ಲೇ ಬಂದರು. ಎಳೆದುಕೊಂಡು, ಬೇರು ಹಿಡಿದುಕೊಂಡು, ಎಲ್ಲರನ್ನೂ ಶಪಿಸಿಕೊಂಡು. ಟಿಕ್ ಟಿಕ್ ಟಿಕ್ ಟಿಕ್ ಅನ್ನುವ ಆ ಸದ್ದು ನಮ್ಮಿಬ್ಬರ ನಡುವೆ ಇತ್ತು. ಪಾಚಿಯ ದಿಮ್ಮಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಜರೀಗಿಡದ ಬುಡದಲ್ಲಿ ಚಿಕ್ಕ ಮಲಗಿತ್ತು. ತೆಂಗಿನ ನಾರಿನ ಉಂಡೆಯ ಹಾಗೆ ಇತ್ತು, ಉದ್ದ ಕೊಕ್ಕು ಮಣ್ಣಿನೊಳಗೆ ಸಿಕ್ಕಿಕೊಂಡಿತ್ತು. ಕ್ಯಾತ್ ಅದರ ಕತ್ತಿನ ಗರಿ ಬಿಡಿಸಿ ತೋರಿಸಿದರು. ಎರಡು ಸಣ್ಣ ತೂತು.

"ಸ್ಟೋಟ್. ಯಾವಾಗ ಬಂತೋ ಪಾಪಿ. ಒಂದು ವಾರ ಮುಂಚೆ ಗೊತ್ತಾಗಿದ್ರೆ ಇಲ್ಲೇ ಸುತ್ತ ಬೋನು ಇಟ್ಟುಬಿಡ್ತಿದ್ದೆ."

"ಕ್ಯಾತ್, ಸ್ಟೋಟ್ ನೋಡೋಕೆ ಹೇಗಿರುತ್ತೆ?"

"ಕೆಂಪು ಬೆನ್ನು, ಬಿಳಿ ಹೊಟ್ಟೆ. ಬಾಲದ ತುದಿ ಕಪ್ಪು."

ಹೇಳದೇ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕ್ಷಣ ಆ ಯೋಚನೆ ಬಂದದ್ದೂ ನಿಜ. ಆದರೆ ಆ ಮುದುಕಿ ಮರಿಯ ಕೊಕ್ಕಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತಿದ್ದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ನರಿ ಅಂದುಕೊಂಡದ್ದು, ಕೈಮುಗಿದದ್ದು, ಯಾಕೆ ಹೇಳಲಿಲ್ಲ ಅನ್ನುವುದು. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಹುಚ್ಚರ ಮಾತಿನಂತೆ ಕೇಳಿಸಿತು.

ಕ್ಯಾತ್ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಾನು ಕೇಳಿದ್ನಲ್ಲ ನಂಜ್," ಅಂದರು. "ಏನಾದ್ರೂ ಕಾಣಿಸ್ತಾ ಅಂತ ಕೇಳಿದ್ನಲ್ಲ." ಆಮೇಲೆ ಮರಿಯನ್ನು ಜಾಕೆಟ್ಟಿನಲ್ಲಿ ಸುತ್ತಿಕೊಂಡು, ನಾನು ಚಾಚಿದ ಕೈ ಹಿಡಿಯದೆ, ಬೇರು ಹಿಡಿದುಕೊಂಡೇ ಇಳಿದರು.

ಸಹನಾ ಬಿಡಲಿಲ್ಲ. "ಅದೃಷ್ಟ ನಿಮಗೆ ಬರ್ಲಿ ಅಂತ ಬಾಯಿ ಮುಚ್ಕೊಂಡಿದ್ರಿ, ಆ ಮರಿಗೆ ಏನು ಬಂತು? ಹೋಗ್ಲಿ, ಈಗೇನ್ ಮಾಡ್ತೀರಿ? ಹೀಗೇ ಗೋಡೆ ನೋಡ್ಕೊಂಡು ಕೂತಿರ್ತೀರಾ?" ಅಂತ ಗದರಿದಳು. ನಾನು ಊಟ ಮಾಡಲಿಲ್ಲ, ಮಾಡು ಅಂತ ಅವಳೂ ಅನ್ನಲಿಲ್ಲ.

ಬೆಳಿಗ್ಗೆ ಯೂಟ್‌ನ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಹಿಂದುಗಡೆ ತುಂಬ ಮರದ ಪೆಟ್ಟಿಗೆಗಳು. "ಇವು ಎಂಟು, ಶೆಡ್ಡಲ್ಲಿ ಇನ್ನೂ ಇಪ್ಪತ್ತಿವೆ. ಎಲ್ಲಾ ಹೊರಬೇಕು. ನನ್ನ ಕಾಲು ನಿನ್ನೇನೇ ಮುಗೀತು," ಅಂದರು ಕ್ಯಾತ್, ನನ್ನ ಮುಖ ನೋಡದೆ.

ಎರಡು ವಾರ ಹೊತ್ತೆ. ಒಂದೊಂದು ಪೆಟ್ಟಿಗೆ ಕಬ್ಬಿಣದ ಬೋನಿನ ಸಮೇತ ಅಕ್ಕಿಮೂಟೆಯಂತೆ ಭಾರ. ಕೆಲಸಕ್ಕೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು, ಶನಿವಾರ ನಾಲ್ಕು. ಆ ಹದಿನೈದು ದಿನ ದಿನಾ ಮಳೆ, ಆ ಮಳೆಯೂ ನೆಟ್ಟಗೆ ಬೀಳುವುದಿಲ್ಲ, ಗಾಳಿಗೆ ಅಡ್ಡಡ್ಡ ಬಂದು ಕಿವಿಯೊಳಗೆ ಹೋಗುತ್ತದೆ. ಮೊಟ್ಟೆ ಇಟ್ಟೆ, ಉಪ್ಪು ಸವರಿದ ಮೊಲದ ಮಾಂಸ ಇಟ್ಟೆ. ನಾಲ್ಕು ಇಲಿ ಬಿದ್ದವು. ಸ್ಟೋಟ್ ಮಾತ್ರ ಬೀಳಲಿಲ್ಲ. ಒಂದು ಪೆಟ್ಟಿಗೆಯ ಬಾಯಲ್ಲಿ ಅದರ ಹೆಜ್ಜೆ ಇತ್ತು. ಬಂದು, ನೋಡಿ, ಬೇಡ ಅಂತ ಹೋಗಿತ್ತು. ಪ್ರತಿ ಸಂಜೆ ಕ್ಯಾತ್ ಬೆಟ್ಟದ ಬುಡದಲ್ಲಿ ಆಂಟೆನಾ ಹಿಡಿದು ಪುಟ್ಟನ ಬಡಿತ ಕೇಳುತ್ತಿದ್ದರು. ಟಿಕ್... ಟಿಕ್... ನಿಧಾನ. ಅವರು ಉಸಿರು ಬಿಟ್ಟ ಮೇಲೆ ನಾನು ಬಿಡುತ್ತಿದ್ದೆ.

ನಿಧಾನಕ್ಕೆ ಮಾತೂ ಶುರುವಾಯಿತು. ಒಂದು ದಿನ ಹೇಳಿದರು, ಸ್ಟೋಟುಗಳು ತಾವಾಗಿ ಬಂದವಲ್ಲವಂತೆ. ಹಿಂದೆ ಮೊಲದ ಕಾಟ ಜಾಸ್ತಿಯಾದಾಗ ಕುರಿ ಸಾಕುವವರೇ ಹಡಗಿನಲ್ಲಿ ಇಂಗ್ಲೆಂಡಿನಿಂದ ತರಿಸಿದರಂತೆ. ಮೊಲ ಹಿಡಿಯುವುದಕ್ಕಿಂತ ಹಾರಲಾರದ ಹಕ್ಕಿ ಹಿಡಿಯುವುದು ಸುಲಭವಾಯಿತು, ಅದನ್ನೇ ಹಿಡಿದವು. ಕೆಲಸಕ್ಕೆ ಅಂತ ಕರೆಸಿ, ಈಗ ಕಂಡಲ್ಲಿ ಕೊಲ್ಲು ಅನ್ನುತ್ತಿದ್ದಾರೆ. ವರ್ಕ್ ವೀಸಾ ಹಿಡಿದು ಬಂದ ನನಗೆ ಅದರ ಮೇಲೆ ಅಯ್ಯೋ ಅನ್ನಿಸಿತು. ಅದನ್ನು ಹೇಳಿದಾಗ ಕ್ಯಾತ್, "ನೀನು ಯಾರ ಕತ್ತೂ ಕಚ್ಚಿಲ್ಲ ನಂಜ್. ಇನ್ನೊಂದು ಪೆಟ್ಟಿಗೆ ಇದೆ, ಹೊರು," ಅಂದರು. ಆ ಪ್ರಾಣಿ ಚಿಕ್ಕನನ್ನು ಕೊಂದದ್ದು ಹೊಟ್ಟೆಗೆ. ನಾನು ಬಾಯಿ ಮುಚ್ಚಿಕೊಂಡದ್ದು ಯಾತಕ್ಕೆ? ಬಾಡೂಟದ ಬಡಾಯಿಗೆ.

ಯುಗಾದಿ ಬಂತು, ಬೇವುಬೆಲ್ಲ ತಿಂದದ್ದಾಯಿತು. ಇಲ್ಲಿ ಬೇವು ಸಿಗುವುದಿಲ್ಲ, ಸಹನಾ ಊರಿನಿಂದ ತಂದ ಒಣ ಹೂವು ಡಬ್ಬಿಯಲ್ಲಿಟ್ಟಿದ್ದಳು. ಸಂಜೆ ಕ್ಯಾತ್ ಒಬ್ಬಟ್ಟು ತಿನ್ನುತ್ತಾ, "ನಾಳೆ ತಾನೇ ನಿನ್ನ ದಿನ? ರಜಾ ಹಾಕು. ಏಣಿನ ಕೆಳಗಡೆ ಒಂದು ಗಂಡು ಎರಡು ದಿನದಿಂದ ಕೂಗ್ತಿದೆ. ನಾನು ವಾಕಿಟಾಕಿ ಹಿಡ್ಕೊಂಡು ಕೆಳಗಿರ್ತೀನಿ," ಅಂದರು.

ನನಗೆ ಹೋಗುವ ಮುಖವಿರಲಿಲ್ಲ. "ಬೇಡ ಕ್ಯಾತ್."

"ನಾಲ್ಕು ಮನೆಯವರನ್ನ ಕರೆದಿದ್ದೀಯ. ಅವರಿಗೆ ಪೆಟ್ಟಿಗೆ ಬೇಯಿಸಿ ಹಾಕ್ತೀಯಾ?"

ಹೋದೆ. ಮಳೆ ನಿಂತಿತ್ತು. ಬೀಚ್ ಮರಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಚಿಟಿಕೆ ವಿಭೂತಿ ಬಿಟ್ಟೆ, ಗಾಳಿ ಕೆಳಗಿನಿಂದ ನನ್ನ ಮುಖಕ್ಕೆ ಬರುತ್ತಿತ್ತು. ಸರಿಯಾಗಿದೆ. ದಿಮ್ಮಿಯಿಂದ ಸ್ವಲ್ಪ ದೂರದಲ್ಲಿ ಒಂದು ಬೇರಿಗೆ ಒರಗಿ ಕೂತೆ. ಕೆಳಗೆ ಗುಟುರು ಕೇಳಿಸಿತು. ಇನ್ನೊಂದು ಗುಟುರು, ಹತ್ತಿರದಲ್ಲಿ. ಆಮೇಲೆ ಮಣ್ಣು ಕುಸಿದ ಬಯಲಿನ ಅಂಚಿನಲ್ಲಿ ಕೊಂಬು, ಕತ್ತು, ಎದೆ. ಅಬ್ಬಬ್ಬಾ, ಅಂಥ ಪ್ರಾಣಿಯನ್ನು ನಾನು ಹತ್ತಿರದಿಂದ ಕಂಡದ್ದೇ ಇಲ್ಲ! ಕತ್ತಿನ ತುಂಬ ಕೆಸರು ಮೆತ್ತಿದ ಕೂದಲು, ಬಾಯಿಂದ ಹಬೆ. ಎಂಬತ್ತು ಹೆಜ್ಜೆ. ಕೋವಿ ಭುಜಕ್ಕೆ ಬಂತು. ಕೋವಿಯ ಮೇಲಿನ ದುರ್ಬೀನಿನಲ್ಲಿ ಜಿಂಕೆಯ ಭುಜದ ಹಿಂದಿನ ಜಾಗ ಕಾಣುತ್ತಿತ್ತು. ಕ್ಯಾತ್ ಹೇಳಿಕೊಟ್ಟಂತೆ ಉಸಿರು ಅರ್ಧ ಬಿಟ್ಟೆ.

ಎಡಗಣ್ಣಿನ ಅಂಚಿನಲ್ಲಿ ಏನೋ ಕೆಂಪಗೆ ಹರಿಯಿತು.

ದಿಮ್ಮಿಯ ಮೇಲೆ ಅದೇ ಜಾಗದಲ್ಲಿ ನಿಂತಿತ್ತು. ನನ್ನನ್ನೇ ನೋಡಿತು, ಗುರುತಿರುವ ಹಾಗೆ. ಆಮೇಲೆ ಮೂಗನ್ನು ಬರೆಯ ಕಡೆ ತಿರುಗಿಸಿತು. ಆ ಬರೆಯ ಬಿಲದಲ್ಲಿ ಪುಟ್ಟ ಮಲಗಿರುತ್ತದೆ, ಹಗಲು ಹೊತ್ತು ಕಿವಿ ಹಕ್ಕಿ ನಿದ್ದೆ ಮಾಡುತ್ತದೆ. ಈಚೆ ಜಿಂಕೆ ಅಲುಗಾಡದೆ ನಿಂತಿದೆ. ಒಂದಕ್ಕೆ ಈಡು ಹಾರಿಸಿದರೆ ಇನ್ನೊಂದು ಓಡಿಹೋಗುತ್ತದೆ. ಎಷ್ಟು ಹೊತ್ತು ಯೋಚಿಸಿದೆನೋ! ಮೂರು ಉಸಿರು ಇರಬಹುದು. ಮೊದಲ ಉಸಿರಿನಲ್ಲಿ ಜಿಂಕೆಯನ್ನೇ ಹೊಡೆಯುವವನಿದ್ದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಬಡಬಡ ಬಡಿತ ಕಿವಿಯಲ್ಲಿ ಶುರುವಾಯಿತು.

ಕೋವಿಯನ್ನು ಎಡಕ್ಕೆ ತಿರುಗಿಸಿದೆ. ದಿಮ್ಮಿಯ ಹಿಂದೆ ಏನಿದೆ ನೋಡಿದೆ, ಬರೀ ಮಣ್ಣಿನ ಗೋಡೆ. ಬಿಲ ಅಲ್ಲಿಂದ ಇನ್ನೂ ಮೇಲೆ. ಅದು ಹಿಂಗಾಲ ಮೇಲೆ ನೆಟ್ಟಗೆ ನಿಂತಿತು, ಅವತ್ತು ನಿಂತ ಹಾಗೇ, ಬಿಳಿ ಎದೆ ತೋರಿಸಿಕೊಂಡು. "ಕ್ಷಮಿಸಪ್ಪಾ," ಅಂದೆ, ಜೋರಾಗಿಯೇ ಅಂದೆ, ಮತ್ತೆ ಕೋವಿಯ ಕುದುರೆ ಎಳೆದೆ.

ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಬಂತು. ಕೆಳಗೆ ಪೊದೆ ಮುರಿದುಕೊಂಡು ಜಿಂಕೆ ಓಡಿತು. ವಾಕಿಟಾಕಿ ಕರಕರ ಅಂದಿತು.

"ಬಿತ್ತಾ? ನಂಜ್? ಗಂಡು ಬಿತ್ತಾ?"

ದಿಮ್ಮಿಯ ಆಚೆ ಬಿದ್ದಿತ್ತು. ಎತ್ತಿಕೊಂಡೆ. ಅಷ್ಟು ಕೇಡು ಮಾಡಿದ ಪ್ರಾಣಿ ಎರಡು ಟೊಮೇಟೊದಷ್ಟೂ ತೂಕವಿರಲಿಲ್ಲ. ಇನ್ನೂ ಬೆಚ್ಚಗಿತ್ತು. ಆ ಘಾಟು ಕೈಗೆಲ್ಲ ಹತ್ತಿತು. ನನಗೆ ಅಳು ಬಂತು. ಚಿಕ್ಕನಿಗೋ, ಇದಕ್ಕೋ, ನನಗೋ ಗೊತ್ತಿಲ್ಲ, ಮೂವರಿಗೂ ಅಂತ ಇಟ್ಟುಕೊಳ್ಳಿ. ಕೆಳಗಿಟ್ಟು ಕೈಮುಗಿದೆ. ಆಮೇಲೆ ವಾಕಿಟಾಕಿ ಒತ್ತಿದೆ.

"ಇಲ್ಲ ಕ್ಯಾತ್. ನರಿ."

ನಾನು ಚೀಲದಲ್ಲಿ ಅದನ್ನು ಹಾಕಿಕೊಂಡು ಇಳಿದು ಬಂದಾಗ ಯೂಟ್‌ಗೆ ಒರಗಿ ನಿಂತಿದ್ದರು. ಚೀಲದೊಳಗೆ ನೋಡಿದರು. "ಐವತ್ತು ವರ್ಷ ಬೇಟೆ ಆಡಿದ್ದೀನಿ," ಅಂದರು. "ಎದುರಿಗೆ ನಿಂತ ಗಂಡು ಜಿಂಕೆ ಬಿಟ್ಟು ಇದನ್ನ ಹೊಡೀತಿದ್ನಾ ಅಂತ ಕೇಳಿದ್ರೆ, ಗೊತ್ತಿಲ್ಲ ಮೇಟ್." ಮೂಗು ಒರೆಸಿಕೊಂಡು, ಫ್ಲಾಸ್ಕ್ ತೆಗೆದು, ನನಗೆ ಮೊದಲು ಬಗ್ಗಿಸಿದರು.

ಸಂಜೆ ಹೊಸತೊಡಕಿಗೆ ಸೂಪರ್‌ಮಾರ್ಕೆಟ್ಟಿನ ಕೋಳಿ. "ಏನಪ್ಪ ನಂಜುಂಡ, ನಿನ್ನ ಜಿಂಕೆಗೆ ರೆಕ್ಕೆ ಬಂದಿದೆಯಲ್ಲ!" ಅಂತ ಒಬ್ಬರು ಕಾಲೆಳೆದರು, ಎಲ್ಲರೂ ನಕ್ಕರು. ಕ್ಯಾತ್ ನಡೆದದ್ದನ್ನು ಹೇಳಿದರು. ನಾನು ಎಂಟು ದಿನ ಬಾಯಿ ಮುಚ್ಚಿಕೊಂಡದ್ದನ್ನು ಮಾತ್ರ ಅವರು ಹೇಳಲಿಲ್ಲ. ನಾನೇ ಹೇಳಿದೆ. ಮೈಸೂರಿನ ಒಬ್ಬ ಆಂಟಿ, "ಆದ್ರೂ ವರ್ಷದ ಮೊದಲ ಬೇಟೆಗೆ ನರೀನ ಹೊಡೀಬಾರ್ದಿತ್ತು ಕಣಪ್ಪ," ಅಂತ ನಿಟ್ಟುಸಿರು ಬಿಟ್ಟರು. ಅದು ನರಿಯಲ್ಲ ಅಂತ ನಾಲ್ಕು ಜನ ಹೇಳಿದರೂ ಅವರು ಒಪ್ಪಲಿಲ್ಲ.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಾರನೇ ದಿನ ಊರಿಗೆ ಫೋನ್ ಮಾಡಿದೆ. ತಾತನಿಗೆ ಆಗ ತೊಂಬತ್ತರ ಹತ್ತಿರ, ಕಿವಿ ಮಂದ, ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಎಲೆಅಡಿಕೆ ಕುಟ್ಟಿಕೊಂಡು ಕೂತಿರುತ್ತಿ‌ದ್ದ.

"ತಾತ, ಹೊಸತೊಡಕಿನ ದಿನ ನರಿ ಹೊಡೆದುಬಿಟ್ಟೆ."

"ತಿಂದ್ಯಾ?"

"ಇಲ್ಲ."

"ಮತ್ಯಾಕ್ಲಾ ಹೊಡ್ದೆ, ಬಡ್ಡೆತ್ತದೆ?"

ಹಾರಲು ಬಾರದ ಹಕ್ಕಿ, ಸತ್ತ ಮರಿ, ಉಳಿದ ಮರಿ, ಪಕ್ಕದ ಮನೆಯ ಅಜ್ಜಿ, ಎಲ್ಲ ಕೂಗಿ ಕೂಗಿ ಹೇಳಿದೆ. ಆ ಕಡೆ ಕುಟ್ಟಾಣಿಯ ಸದ್ದು ನಿಂತಿತು. ಆಮೇಲೆ ತಾತ ಅಂದ: "ಕೈ ಮುಗಿ ಅಂತ ನಾನು ಹೇಳಿದ್ದು ಬೇಟೆಗೆ ಹೋಗೋನಿಗೆ ಕಣ್ಲಾ. ಕೋಳಿಗೂಡು ಕಾಯೋನು ನರಿ ಕಂಡ್ರೆ ಸುಮ್ನಿರ್ತಾನಾ? ಊರಿಗೇ ಕೇಳೋ ಹಂಗೆ ಕೂಗ್ಕೋತಾನೆ. ನೀನು ಯಾವನು, ಅದನ್ನ ನೋಡ್ಕೊ ಮೊದ್ಲು."

ಮೇ ತಿಂಗಳ ಕೊನೆಯಲ್ಲಿ ಕ್ಯಾತ್ ಪುಟ್ಟನನ್ನು ಬಟ್ಟೆಯ ಚೀಲಕ್ಕೆ ಹಾಕಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿದರು. ಮುಳ್ಳು ಒಂದು ಕಿಲೋ ದಾಟಿತು. ಕ್ಯಾತ್ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಮೂರು ದಿನ ನೋಯುತ್ತಿತ್ತು. ಮರುವರ್ಷ ಟ್ರಾನ್ಸ್‌ಮಿಟರ್ ತೆಗೆದರು. ಅದೇ ಚಳಿಗಾಲ ಮಂಡಿ ಆಪರೇಷನ್ ಆಗಿ, ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿರುವ ಮಗಳ ಮನೆಗೆ ಹೋದರು. ಹೋಗುವಾಗ ಬೋನುಗಳ ನಕ್ಷೆಯನ್ನು ನನಗೆ ಕೊಟ್ಟರು. ನಾನು ಈಗಲೂ ಜಿಂಕೆ ಹೊಡೆದಿಲ್ಲ. ಸಮಯವೆಲ್ಲಿದೆ, ಶನಿವಾರ ಬಂದರೆ ಮೊಟ್ಟೆ ಹೊರುವುದೇ ಆಗುತ್ತದೆ.

ಹೋದ ಶನಿವಾರ ಗ್ಯಾರೇಜಿನ ಮೆಟ್ಟಿಲಿಂದ ಎದ್ದವನು ಆ ಹಳೇ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹತ್ತಿದೆ. ಎಲ್ಲ ಪೆಟ್ಟಿಗೆ ನೋಡಿ ದಿಮ್ಮಿಯ ಹತ್ತಿರ ಕೂರುವಾಗ ಹೊತ್ತು ಮುಳುಗುತ್ತಿತ್ತು. ದಿಮ್ಮಿ ಅರ್ಧ ಮಣ್ಣಾಗಿದೆ. ಬರೆಯ ಕಡೆಯಿಂದ ಒಂದು ಸಿಳ್ಳೆ ಬಂತು. ಗಂಡು ಕಿವಿ ಹಕ್ಕಿ. ಒಂದರ ಮೇಲೊಂದು, ಏರುತ್ತಾ ಏರುತ್ತಾ ಹದಿನೆಂಟು ಸಲ ಕೂಗಿತು. ತಕ್ಷಣ ಫೋನ್ ಹಚ್ಚಿ, ಮಾತಾಡದೆ, ಕಾಡಿನ ಕಡೆ ಹಿಡಿದೆ. ಅದು ಇನ್ನೊಂದು ಸುತ್ತು ಕೂಗಿತು.

"ಪೂಟಾ," ಅಂದರು ಕ್ಯಾತ್.

"ಹೇಗೆ ಹೇಳ್ತೀರಿ? ಈಗ ಕಾಲಲ್ಲಿ ಏನೂ ಇಲ್ಲ."

"ಪೂಟಾನೇ. ಬಾಯಿ ಮುಚ್ಚು." ಆಮೇಲೆ ಪ್ರತಿ ಶನಿವಾರ ಕೇಳುವುದನ್ನೇ ಕೇಳಿದರು. "ಇವತ್ತು ಏನಾದ್ರೂ ಕಾಣಿಸ್ತಾ?"

ನಾನು ಮೊದಲನೇ ಪೆಟ್ಟಿಗೆಯಿಂದ ಶುರುಮಾಡಿದೆ. ಮೂರನೆಯದರಲ್ಲಿ ಇಲಿ, ಐದನೆಯದರ ಬಾಯಲ್ಲಿ ಹೆಜ್ಜೆ, ಸ್ಟೋಟೋ ಏನೋ ಗೊತ್ತಿಲ್ಲ, ನಾಳೆ ಪಕ್ಕದಲ್ಲಿ ಇನ್ನೊಂದು ಇಡುತ್ತೇನೆ. ಏಳನೆಯದರ ಮೇಲೆ ಕೊಂಬೆ ಬಿದ್ದಿದೆ, ತೊರೆಯ ಹತ್ತಿರ ಹಂದಿ ಮಣ್ಣು ಕೆದರಿದೆ. ಕತ್ತಲಾಗುತ್ತಿತ್ತು, ಸಹನಾಳ ಮೂರು ಕಾಲ್ ಬಂದು ಹೋಗಿದ್ದವು. ಕಂಡದ್ದನ್ನೆಲ್ಲ ಹೇಳಿ ಮುಗಿಸಿ, ಆಮೇಲೆ ಇಳಿದೆ.